ಕನ್ನಡದ ಕುಲಪುರೋಹಿತ ಆಲೂರು ವೆಂಕಟರಾಯರು



ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಒಂದು ಕಾಲಕ್ಕೆ ನಮ್ಮ ಈ ಮುಂಬಯಿಯ ಆಳ್ವಿಕೆಗೆ ಒಳಪಟ್ಟಿದ್ದವೆಂಬುದನ್ನು ನೀವು ಇತಿಹಾಸದ ಪಾಠದಲ್ಲಿ ಓದಿರುವಿರಿ. 1818ರಲ್ಲಿ ಪೇಶವೆಯರ ರಾಜ್ಯವು ಮುಗಿದು ಇಂಗ್ಲಿಷರ ಆಳ್ವಿಕೆ ಬಂದಿತು. ಹೊಸದಾಗಿ ಬಂದ ಅರಸರು ಆ ಪ್ರದೇಶಕ್ಕೆ ಇಟ್ಟ ಹೆಸರು ದಕ್ಷಿಣ ಮರಾಠಾ ದೇಶ. ಅಲ್ಲಿಯ ರೈತನು ಹೊಲದಲ್ಲಿ ಆಡುತ್ತಿದ್ದುದು ಕನ್ನಡ. ಒಕ್ಕಲಗಿತ್ತಿಯು ಬೀಸುವಾಗ ಹಾಡುತ್ತಿದ್ದುದು ಕನ್ನಡ. ಆದರೆ ದೇಶದ ಹೆಸರು ಮಾತ್ರ ಬೇರೆ. 1882ರಲ್ಲಿ ಆ ಭಾಗದಲ್ಲಿ ಉಗಿಬಂಡಿಯನ್ನು ಓಡಿಸಲು ಒಂದು ಕಂಪನಿ ಹುಟ್ಟಿತು. ಅದರ ದೊಡ್ಡ ಕಚೇರಿಯು ಧಾರವಾಡದಲ್ಲಿಯೇ ಇದ್ದಿತು. ಆದರೂ ಅದರ ಹೆಸರು ಸದರ್ನ್ ಮರಾಠಾ ರೇಲ್ವೆ.

ಹೆಸರು ಹೋದರೆ ಹೋಗಲಿ, ಮನಸ್ಸಾದರೂ ಉಳಿದಿತ್ತೇ ಎಂದರೆ ಅದೂ ಇಲ್ಲ. ಪೇಶವೆಯರ ಕಾಲದಿಂದ ಕಚೇರಿಯ ಕಾಗದಪತ್ರಗಳು ಮರಾಠಿಯಲ್ಲಿ, ಮೋಡಿ ಅಕ್ಷರಗಳಲ್ಲಿ ನಡೆದುಕೊಂಡು ಬಂದಿದ್ದವು. ಇಂಗ್ಲಿಷರು ತೆರೆದ ಮೊದಲ ಶಾಲೆಗಳಲ್ಲಿಯೂ ಮರಾಠಿಯೇ ಕಲಿಕೆಯ ಭಾಷೆಯಾಯಿತು. ಓದುಬರಹ ಬಲ್ಲವರು ಪರಸ್ಪರ ಪತ್ರ ಬರೆಯುವಾಗ, ನಾಲ್ಕು ಜನ ದೊಡ್ಡವರ ಮುಂದೆ ಮಾತನಾಡುವಾಗ ಮರಾಠಿಯನ್ನು ಬಳಸುವುದು ಗೌರವದ ಲಕ್ಷಣವಾಯಿತು. ಕನ್ನಡವು ಅಡಿಗೆಮನೆಗೂ ಆಳುಕಾಳುಗಳಿಗೂ ಉಳಿಯಿತು. ಮೊದಲು ಇದು ರೂಢಿಯಾಗಿದ್ದಿತು. ಒಂದೆರಡು ತಲೆಮಾರು ಕಳೆಯುವುದರೊಳಗೆ ನಂಬಿಕೆಯಾಗಿ ಬೇರೂರಿತು. ಕನ್ನಡವು ಒರಟು ಮಾತು, ಅದರಲ್ಲಿ ಹೇಳಿಕೊಳ್ಳುವಂತಹ ಗ್ರಂಥಗಳಿಲ್ಲ, ಕನ್ನಡಿಗರಿಗೆ ಇತಿಹಾಸವೆಂಬುದಿಲ್ಲ ಎಂದು ಕನ್ನಡಿಗರೇ ಹೇಳತೊಡಗಿದರು. ಪರರು ನಮ್ಮನ್ನು ಹಳಿದರೆ ಎದುರು ಮಾತನಾಡಬಹುದು. ನಮ್ಮ ನಾಲಗೆಯೇ ನಮ್ಮನ್ನು ಹಳಿಯತೊಡಗಿದಾಗ ಯಾರೊಡನೆ ವಾದಿಸುವುದು? ಆಲೂರು ವೆಂಕಟರಾಯರು ತಮ್ಮ ಎಂಬತ್ತಮೂರು ವರ್ಷಗಳ ಬಾಳಿನ ಬಹುಭಾಗವನ್ನು ಈ ಒಂದು ಪ್ರಶ್ನೆಗೆ ತೆತ್ತರು.

ಅವರಿಗಿಂತ ಮೊದಲು ಯಾರೂ ದುಡಿದಿರಲಿಲ್ಲವೆಂದು ತಿಳಿಯಬಾರದು. 1834ರಲ್ಲಿ ಧಾರವಾಡದಲ್ಲಿ ಹುಟ್ಟಿದ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಖಾತೆಯ ಅಧಿಕಾರಿಗಳಾಗಿ ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಕನ್ನಡದ ಮಕ್ಕಳು ಕನ್ನಡದಲ್ಲಿ ಓದಬೇಕೆಂಬ ಸರಳವಾದ ಮಾತಿಗಾಗಿ ಅವರು ಹೆಣಗಬೇಕಾಯಿತು. ರಸೆಲ್ಲರೆಂಬ ಇಂಗ್ಲಿಷ್ ಅಧಿಕಾರಿಗಳು ಅವರ ಬೆನ್ನಿಗೆ ನಿಂತರು. ನಾಡವರು ಕಾಣದುದನ್ನು ಪರದೇಶದವನೊಬ್ಬನು ಕಂಡನೆಂಬುದು ವಿಚಿತ್ರವಾದರೂ ನಿಜ. ಚನ್ನಬಸಪ್ಪನವರು 1881ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಗದಗಿನ ಕಡೆ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಕನ್ನಡ ನಾಟಕದ ಮಂಡಳಿಯನ್ನು ಕಟ್ಟಿದರು. ಆಗ ಉತ್ತರ ಕರ್ನಾಟಕದ ಊರುಗಳಲ್ಲಿ ಸಾಂಗಲಿಯ ಕಡೆಯ ಮರಾಠಿ ನಾಟಕಗಳಿಗೆ ಜನ ಮುಗಿಬೀಳುತ್ತಿದ್ದರು. ಕನ್ನಡದಲ್ಲಿ ನಾಟಕವಾಗುವುದುಂಟೇ ಎಂಬ ತಾತ್ಸಾರವೂ ಇದ್ದಿತು. ಸ್ವಾರಸ್ಯವೇನೆಂದರೆ, ಆ ಮರಾಠಿ ರಂಗಭೂಮಿಗೆ ತಳಹದಿಯನ್ನು ಹಾಕಿದ ವಿಷ್ಣುದಾಸ ಭಾವೆಯವರು 1843ರಲ್ಲಿ ತಮ್ಮ ಮೊದಲ ನಾಟಕವನ್ನಾಡಿದುದಕ್ಕೆ ಪ್ರೇರಣೆಯು ಉತ್ತರ ಕನ್ನಡದ ಕರ್ಕಿಯಿಂದ ಸಾಂಗಲಿಗೆ ಹೋಗಿದ್ದ ಭಾಗವತ ಮೇಳವೇ. ನಮ್ಮ ಮನೆಯ ಬೀಜವು ನೆರೆಮನೆಯ ಹಿತ್ತಲಲ್ಲಿ ಮರವಾಗಿ ಬೆಳೆದಿದ್ದಿತು. ನಾವು ಅದರ ನೆರಳಿನಲ್ಲಿ ಕುಳಿತು, ನಮ್ಮಲ್ಲಿ ಇಂತಹ ಬೀಜವೇ ಇಲ್ಲವೆಂದು ಕೊರಗುತ್ತಿದ್ದೆವು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಕನ್ನಡದಲ್ಲಿ ಪುಸ್ತಕಗಳಿಲ್ಲವೆಂಬ ಮಾತಿಗೆ ಪುಸ್ತಕಗಳನ್ನು ಬರೆಯಿಸಿಯೇ ಉತ್ತರ ಕೊಡಬೇಕೆಂಬುದು ಅದರ ಸಂಕಲ್ಪವಾಗಿದ್ದಿತು.

ಈ ಹಿನ್ನೆಲೆಯಲ್ಲಿ ವೆಂಕಟರಾಯರು 1880ರ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ತಂದೆ ಭೀಮರಾಯರು ಕಂದಾಯ ಖಾತೆಯಲ್ಲಿ ಶಿರಸ್ತೇದಾರರು, ತಾಯಿ ಭಾಗೀರಥಿಬಾಯಿ. ಧಾರವಾಡದಲ್ಲಿ ಶಾಲೆಯ ಓದನ್ನು ಮುಗಿಸಿ ತರುಣ ವೆಂಕಟರಾಯರು ಪುಣೆಯ ಫರ್ಗ್ಯೂಸನ್ ಕಾಲೇಜಿಗೆ ಹೋದರು. ಆ ಕಾಲಕ್ಕೆ ಧಾರವಾಡದ ಹುಡುಗರಿಗೆ ಉಚ್ಚ ವಿದ್ಯೆಗೆ ಪುಣೆ, ಮುಂಬಯಿಗಳನ್ನು ಬಿಟ್ಟರೆ ಸಮೀಪದ ದಾರಿ ಇರಲಿಲ್ಲ. ಅಲ್ಲಿ ಬಿ. ಎ. ಪದವಿಯನ್ನು ಪಡೆದು, ಮುಂಬಯಿಗೆ ಬಂದು ಕಾಯಿದೆಯ ಪರೀಕ್ಷೆಯನ್ನು ಮುಗಿಸಿದರು.

ಪುಣೆಯು ಆಗ ಭಾರತದ ರಾಜಕೀಯದ ಕುಲುಮೆಯಂತಿದ್ದಿತು. ಲೋಕಮಾನ್ಯ ತಿಲಕರ ಕೇಸರಿ ಪತ್ರಿಕೆಯು ಮನೆಮನೆಗಳಲ್ಲಿ ಓದಿಸಿಕೊಳ್ಳುತ್ತಿದ್ದಿತು. ಗಣೇಶೋತ್ಸವವು ಬೀದಿಗೆ ಬಂದಿದ್ದಿತು. ಶಿವಾಜಿಯ ಹೆಸರಿನಲ್ಲಿ ಉತ್ಸವಗಳು ನಡೆಯುತ್ತಿದ್ದವು. ಅಲ್ಲಿಯ ತರುಣರಿಗೆ ತಮ್ಮ ಸಂತರು, ತಮ್ಮ ವೀರರು, ತಮ್ಮ ಕೋಟೆಗಳು ಎಂಬ ಅಭಿಮಾನವು ನೆತ್ತರಿನಲ್ಲಿ ಹರಿಯುತ್ತಿದ್ದಿತು. ಆ ಅಭಿಮಾನದಿಂದಲೇ ಅವರು ದೇಶಸೇವೆಗೆ ಧುಮುಕುತ್ತಿದ್ದರು. ಕನ್ನಡದಿಂದ ಹೋದ ಹುಡುಗನಿಗೆ ಅಲ್ಲಿ ಎರಡು ಹಾದಿಗಳಿದ್ದವು. ಅವರಂತೆಯೇ ಮಾತನಾಡಿ, ಅವರಂತೆಯೇ ಉಟ್ಟು, ತಾನೂ ಅವರವನೇ ಎನಿಸಿಕೊಳ್ಳುವುದೊಂದು. ಅನೇಕರು ಈ ಹಾದಿಯನ್ನೇ ಹಿಡಿದರು. ಇವರಿಗೆ ಇರುವಂತಹದು ನಮಗೇಕಿಲ್ಲ, ನಿಜವಾಗಿಯೂ ಇಲ್ಲವೋ ಅಥವಾ ನಮಗೆ ಗೊತ್ತಿಲ್ಲವೋ ಎಂದು ಕೇಳಿಕೊಳ್ಳುವುದು ಇನ್ನೊಂದು. ವೆಂಕಟರಾಯರ ಮುಂದಿನ ಬಾಳೆಲ್ಲವೂ ಈ ಎರಡನೆಯ ಪ್ರಶ್ನೆಗೆ ದೊರೆತ ಉತ್ತರದಂತಿದೆ.

ಉತ್ತರವು ದೊರೆಯತೊಡಗಿದುದು ಹಂಪೆಯಲ್ಲಿ, 1905ರಲ್ಲಿ. ಆ ವರ್ಷವೇ ಅಕ್ಟೋಬರದಲ್ಲಿ ಇಂಗ್ಲಿಷ್ ಸರಕಾರವು ಬಂಗಾಲವನ್ನು ಇಬ್ಭಾಗ ಮಾಡಿತು. ಒಂದೇ ಭಾಷೆಯನ್ನಾಡುವ ಜನರನ್ನು ಎರಡು ಪ್ರಾಂತಗಳಾಗಿ ಒಡೆದುದಕ್ಕೆ ದೇಶವೆಲ್ಲ ಕುದಿಯಿತು. ಬಂಗಾಲವು ಎರಡಾದುದಕ್ಕೆ ಇಷ್ಟು ಸಂಕಟವಾದರೆ, ಕನ್ನಡ ನಾಡು ಎಷ್ಟಾಗಿತ್ತೆಂಬುದನ್ನು ಲೆಕ್ಕಹಾಕಿ ನೋಡಿರಿ. ಮುಂಬಯಿ ಪ್ರಾಂತದಲ್ಲೊಂದು ಭಾಗ, ಬಳ್ಳಾರಿ, ಮಂಗಳೂರುಗಳು ಮದರಾಸಿಗೆ, ಕಲಬುರ್ಗಿ, ರಾಯಚೂರು, ಬೀದರಗಳು ಹೈದರಾಬಾದಿನ ನಿಜಾಮರಿಗೆ, ಮೈಸೂರು ಒಂದು ಸಂಸ್ಥಾನ, ಕೊಡಗು ಬೇರೆ, ಇವುಗಳ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರುಗಳಂತಹ ಚಿಕ್ಕ ಚಿಕ್ಕ ಸಂಸ್ಥಾನಗಳು. ಒಡೆದುಹೋದ ಈ ನಾಡಿಗಾಗಿ ಕಣ್ಣೀರಿಡುವವರು ಮಾತ್ರ ಯಾರೂ ಇರಲಿಲ್ಲ.

ಆ ವರ್ಷ ರಾಯರು ಹಂಪೆಯನ್ನು ಕಂಡರು. ತುಂಗಭದ್ರೆಯ ದಡದಲ್ಲಿ ವಿರೂಪಾಕ್ಷನ ಗೋಪುರ, ವಿಠ್ಠಲ ದೇವಾಲಯದ ಕಲ್ಲಿನ ರಥ, ಭಗ್ನವಾದ ಉಗ್ರನರಸಿಂಹ, ಬಂಡೆಗಳ ನಡುವೆ ಮೈಲಿಗಟ್ಟಲೆ ಹಬ್ಬಿದ ಪಾಳುಗೋಡೆಗಳು. 1336ರಲ್ಲಿ ಸ್ಥಾಪನೆಯಾಗಿ 1565ರ ಯುದ್ಧದ ತರುವಾಯ ಹಾಳಾದ ರಾಜಧಾನಿ ಅದು. ರಾಬರ್ಟ್ ಸೂವೆಲ್ಲರೆಂಬ ಇಂಗ್ಲಿಷ್ ಅಧಿಕಾರಿಗಳು ವಿಜಯನಗರದ ಚರಿತ್ರೆಯನ್ನು ಬರೆದು 1900ರಲ್ಲಿ ಪ್ರಕಟಿಸಿದಾಗ ಅದಕ್ಕೆ ಮರೆತುಹೋದ ಸಾಮ್ರಾಜ್ಯವೆಂದು ಹೆಸರಿಟ್ಟಿದ್ದರು. ಮರೆತವರು ಯಾರೆಂಬುದನ್ನು ಅವರು ಹೇಳಬೇಕಾದ ಅಗತ್ಯವಿರಲಿಲ್ಲ. ಆ ಹಾಳೂರಿನ ದರ್ಶನವೇ ತಮ್ಮ ಬದುಕಿನ ದಿಕ್ಕನ್ನು ಬದಲಿಸಿತೆಂದು ರಾಯರು ತಮ್ಮ ಜೀವನ ಸ್ಮೃತಿಗಳಲ್ಲಿ ಹೇಳಿಕೊಂಡಿದ್ದಾರೆ. ಪ್ರತಿವರ್ಷವೂ ಸಾವಿರಾರು ಜನರು ಹಂಪೆಗೆ ಹೋಗಿ, ತೆಂಗಿನಕಾಯಿ ಒಡೆಯಿಸಿ, ಹಿಂದಿರುಗುತ್ತಿದ್ದರು. ಕಲ್ಲುಗಳು ಎಲ್ಲರಿಗೂ ಅವೇ. ಇದು ನನ್ನ ಮನೆ ಎಂದು ನೋಡಿದವರು ಕಡಿಮೆ.

ಧಾರವಾಡಕ್ಕೆ ಬಂದು ವಕೀಲಿಯನ್ನು ಆರಂಭಿಸಿದರೂ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. 1906ರಲ್ಲಿ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. ಬೇರೆ ಬೇರೆ ಪ್ರಾಂತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡದ ಲೇಖಕರು ಒಬ್ಬರ ಮುಖವನ್ನೊಬ್ಬರು ಕಂಡಿರಲಿಲ್ಲ. 1907ರಲ್ಲಿ ರಾಯರ ಪ್ರಯತ್ನದಿಂದ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಲನವು ನೆರೆಯಿತು. 1915ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗುವುದಕ್ಕೆ ಇಂತಹ ಕೂಟಗಳೇ ನೆಲವನ್ನು ಹದಗೊಳಿಸಿದವು.

ರಾಯರು ಕೈಗೊಂಡ ಕೆಲಸಗಳಲ್ಲೆಲ್ಲ ಹಿರಿದಾದುದು 1917ರಲ್ಲಿ ಹೊರಬಂದ ಕರ್ನಾಟಕ ಗತವೈಭವವೆಂಬ ಗ್ರಂಥ. ಹಂಪೆಯ ದರ್ಶನಕ್ಕೂ ಈ ಗ್ರಂಥಕ್ಕೂ ನಡುವೆ ಹನ್ನೆರಡು ವರ್ಷಗಳು ಉರುಳಿದ್ದವು. ಅಭಿಮಾನವು ಒಂದು ಗಳಿಗೆಯಲ್ಲಿ ಹುಟ್ಟಬಹುದು. ಅದಕ್ಕೆ ಆಧಾರವನ್ನು ಕೂಡಿಸಲು ಹನ್ನೆರಡು ವರ್ಷಗಳು ಬೇಕಾದವು. ಈ ಅಂಶವನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ನನ್ನ ಆಸೆ. ನಮ್ಮ ನಾಡು ದೊಡ್ಡದು ಎಂದು ಕೂಗಿ ಕುಳಿತಿದ್ದರೆ ರಾಯರ ಹೆಸರು ಇಂದು ಉಳಿಯುತ್ತಿರಲಿಲ್ಲ. ಶಾಸನಗಳನ್ನು ಓದಿ ಅರ್ಥಮಾಡಿದ ವಿದ್ವಾಂಸರ ಗ್ರಂಥಗಳನ್ನು ಅವರು ಅಭ್ಯಾಸ ಮಾಡಿದರು. ಮುಂಬಯಿ ಸರಕಾರದ ಅಧಿಕಾರಿಗಳಾಗಿದ್ದ ಫ್ಲೀಟರು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಬರೆದಿದ್ದರು. ರಾಮಕೃಷ್ಣ ಗೋಪಾಳ ಭಾಂಡಾರಕರರು 1884ರಲ್ಲಿ ದಖ್ಖನದ ಪ್ರಾಚೀನ ಇತಿಹಾಸವನ್ನು ಪ್ರಕಟಿಸಿದ್ದರು. ಮೈಸೂರಿನಲ್ಲಿ ರೈಸರು ಸಾವಿರಾರು ಶಾಸನಗಳನ್ನು ಸಂಗ್ರಹಿಸಿದ್ದರು. ಇದೆಲ್ಲವೂ ಇಂಗ್ಲಿಷಿನಲ್ಲಿ ಪಂಡಿತರಿಗಾಗಿ ಇದ್ದಿತು. ಯಾರ ಚರಿತ್ರೆಯೋ ಅವರಿಗೇ ಅದು ತಲುಪಿರಲಿಲ್ಲ. ರಾಯರು ಅದನ್ನು ಕನ್ನಡದಲ್ಲಿ, ಹೃದಯಕ್ಕೆ ತಟ್ಟುವಂತೆ, ಸಾಮಾನ್ಯ ಓದುಗನ ಕೈಗಿತ್ತರು.

ಓದುಗನು ಆ ಗ್ರಂಥದಲ್ಲಿ ಏನನ್ನು ಕಂಡನು? ಉತ್ತರಾಪಥದ ಒಡೆಯನಾದ ಹರ್ಷನನ್ನು ನರ್ಮದೆಯಲ್ಲಿ ತಡೆದವನು ಬಾದಾಮಿಯ ಇಮ್ಮಡಿ ಪುಲಕೇಶಿ. ಎಲ್ಲೋರದ ಕೈಲಾಸನಾಥ ದೇವಾಲಯವನ್ನು, ಬೆಟ್ಟವನ್ನೇ ಮೇಲಿನಿಂದ ಕೆಳಗೆ ಕೊರೆದು, ನಿರ್ಮಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ರಾಷ್ಟ್ರಕೂಟ ಅರಸರನ್ನು ಅರಬ ಪ್ರವಾಸಿಗಳು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬರೆಂದು ಎಣಿಸಿದ್ದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು 1898ರಲ್ಲಿ ಅಚ್ಚಾಗಿ ಬೆಳಕಿಗೆ ಬಂದಾಗ, ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತ್ತೆಂಬ ವಿಷಯ ತಿಳಿಯಿತು. ಗ್ರಂಥಗಳೇ ಇಲ್ಲವೆಂದು ಹಳಿಸಿಕೊಂಡ ಭಾಷೆಯಲ್ಲಿ ಸಾವಿರ ವರ್ಷಗಳಿಗೂ ಮೊದಲೇ ಕಾವ್ಯವನ್ನು ಹೇಗೆ ಬರೆಯಬೇಕೆಂದು ಹೇಳುವ ಶಾಸ್ತ್ರಗ್ರಂಥವಿದ್ದಿತು!

ಇನ್ನೊಂದು ಸಂಗತಿ. ಹಿಂದೂ ಕಾಯಿದೆಯನ್ನು ಓದುವ ವಿದ್ಯಾರ್ಥಿಗಳು ಮಿತಾಕ್ಷರವೆಂಬ ಗ್ರಂಥದ ಹೆಸರನ್ನು ಕೇಳದೆ ಪರೀಕ್ಷೆಯನ್ನು ದಾಟುವಂತಿರಲಿಲ್ಲ. ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಆಸ್ತಿಯ ಪಾಲಿನ ವ್ಯಾಜ್ಯಗಳು ಬಂದಾಗ ಅದನ್ನೇ ಪ್ರಮಾಣವಾಗಿ ಹಿಡಿಯುತ್ತಿದ್ದರು. ಅದನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಕಲ್ಯಾಣವೆಂದೊಡನೆ ನಿಮಗೆ ಲೋಕಲ್ ಗಾಡಿ ನಿಲ್ಲುವ ನಮ್ಮ ಕಲ್ಯಾಣವು ನೆನಪಾಗುವುದು ಸಹಜ. ಅದಲ್ಲ, ಇದು ಬೀದರ ಜಿಲ್ಲೆಯ ಬಸವಕಲ್ಯಾಣ. ನಮ್ಮ ಕಲ್ಯಾಣದಿಂದ ಮೂರು ನಿಲ್ದಾಣ ಮುಂದೆ ಹೋದರೆ ಅಂಬರನಾಥವಿದೆ. ಅಲ್ಲಿ ಹಳ್ಳದ ದಂಡೆಯ ಮೇಲಿರುವ ಶಿವಾಲಯವು 1060ರದು. ಅದನ್ನು ಕಟ್ಟಿಸಿದ ಶಿಲಾಹಾರರು ಹಿಂದೆ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಅವರ ಬಿರುದುಗಳಲ್ಲಿ ಕನ್ನಡದ ಮಾತುಗಳು ಇಂದಿಗೂ ಓದಲು ಸಿಗುತ್ತವೆ. ನಾವು ಹೊಟ್ಟೆಪಾಡಿಗೆ ನಿನ್ನೆ ಮೊನ್ನೆ ಈ ಊರಿಗೆ ಬಂದವರೆಂಬುದು ದಿಟ. ಕನ್ನಡದ ಮಾತು ಈ ಕೊಂಕಣದ ಗಾಳಿಗೆ ಅಷ್ಟು ಹೊಸದಲ್ಲ. ಶೈಕ್ಷಣಿಕ ಪ್ರವಾಸಕ್ಕೆ ದೂರದ ಊರುಗಳನ್ನು ಹುಡುಕುವ ಮೊದಲು ಒಮ್ಮೆ ಅಂಬರನಾಥದ ಆ ಗುಡಿಯ ಗೋಡೆಗಳನ್ನು ಕಣ್ಣಾರೆ ನೋಡಿ ಬರಬೇಕು.

ಗತವೈಭವವು ಓದುಗರ ಮೇಲೆ ಮಾಡಿದ ಪರಿಣಾಮವು ಅಸಾಧಾರಣವಾದುದು. ಒಂದು ತಲೆಮಾರಿನ ತರುಣರು ಅದನ್ನು ಓದಿ ತಲೆಯೆತ್ತಿ ನಡೆದರು. ಹಾಗೆಂದು ಅದರ ಪ್ರತಿಯೊಂದು ಮಾತನ್ನೂ ಇಂದು ಒಪ್ಪಬೇಕಾಗಿಲ್ಲ. ಮುಂದಿನ ಸಂಶೋಧನೆಯು ಎಷ್ಟೋ ಸಂಗತಿಗಳನ್ನು ತಿದ್ದಿದೆ, ಎಷ್ಟನ್ನೋ ಕೂಡಿಸಿದೆ. ಹಲ್ಮಿಡಿಯ ಶಾಸನವು ಬೆಳಕಿಗೆ ಬಂದುದು ರಾಯರ ಗ್ರಂಥವು ಹೊರಬಂದು ಸುಮಾರು ಎರಡು ದಶಕಗಳಾದ ಮೇಲೆ. ಅಲ್ಲದೆ, ಅವರ ದೃಷ್ಟಿಯು ಹೆಚ್ಚಾಗಿ ಅರಸರ ಕಡೆಗೆ, ಆಚಾರ್ಯರ ಕಡೆಗೆ ಇದ್ದಿತು. ಕಲ್ಲನ್ನು ಹೊತ್ತವನ, ಕೆರೆಯನ್ನು ತೋಡಿದವನ, ಸೀರೆಯನ್ನು ನೇಯ್ದವನ ಚರಿತ್ರೆ ಅದರಲ್ಲಿ ಕಡಿಮೆ. ಅಜ್ಜನು ಆನೆಯ ಮೇಲೆ ಕುಳಿತಿದ್ದವನಾದರೆ ಮಾತ್ರ ಮೊಮ್ಮಗನಿಗೆ ಮಾನವೇ, ಅಜ್ಜನು ಕೂಲಿಯಾಳಾಗಿದ್ದರೆ ನಾಚಿಕೆಪಡಬೇಕೇ ಎಂದು ನಿಮ್ಮಲ್ಲೊಬ್ಬರು ಕೇಳಿದರೆ ಆ ಪ್ರಶ್ನೆಯು ನ್ಯಾಯವಾದುದೇ.

ಈ ಕೊರತೆಯನ್ನು ತುಂಬುವ ಕೆಲಸವನ್ನು ಅದೇ ಕಾಲದಲ್ಲಿ ಇನ್ನೊಬ್ಬರು ಮಾಡುತ್ತಿದ್ದರು. ರಾಯರು ವಿಜಾಪುರದಲ್ಲಿ ಹುಟ್ಟಿ ಧಾರವಾಡದಲ್ಲಿ ದುಡಿದವರು. ಅವರಿಗಿಂತ ಹತ್ತು ದಿನ ಮೊದಲು, 1880ರ ಜುಲೈ 2ರಂದು, ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ದುಡಿದವರು ಫ. ಗು. ಹಳಕಟ್ಟಿಯವರು. ಅವರೂ ಮುಂಬಯಿಯಲ್ಲಿ, ಸೇಂಟ್ ಝೇವಿಯರ್ ಕಾಲೇಜಿನಲ್ಲಿ, ಓದಿದವರು, ಅವರೂ ವಕೀಲರು. ಮನೆಮನೆಗಳ ಅಟ್ಟದ ಮೇಲೆ, ಮಠಗಳ ಮೂಲೆಯಲ್ಲಿ ಧೂಳು ಹಿಡಿದಿದ್ದ ತಾಡವೋಲೆಗಳನ್ನು ಕೂಡಿಸಿ ಶರಣರ ವಚನಗಳನ್ನು ಅವರು ಅಚ್ಚಿಗೆ ತಂದರು. ಮಡಿವಾಳ, ಅಂಬಿಗ, ಕಟ್ಟಿಗೆ ಮಾರುವವನು, ಇವರೆಲ್ಲ ಮಾತನಾಡಿದ ಕನ್ನಡವದು. ಇಬ್ಬರೂ ಕಾಲವಾದುದು ಒಂದೇ ವರ್ಷ, 1964ರಲ್ಲಿ. ಹಳಕಟ್ಟಿಯವರ ಜೀವನವನ್ನು ಮುಂದಿನ ಸಂಚಿಕೆಯಲ್ಲಿ ನಿಮ್ಮಲ್ಲಿಯೇ ಯಾರಾದರೂ ಬರೆಯಬೇಕು.

ರಾಯರು ಗ್ರಂಥರಚನೆಗೇ ನಿಲ್ಲಲಿಲ್ಲ. 1916ರಲ್ಲಿ ಕಡಪಾ ರಾಘವೇಂದ್ರರಾಯರು, ಮುದವೀಡು ಕೃಷ್ಣರಾಯರು ಮೊದಲಾದ ಗೆಳೆಯರೊಡನೆ ಕರ್ನಾಟಕ ಸಭೆಯನ್ನು ಕಟ್ಟಿದರು; ಹರಿದ ನಾಡನ್ನು ಒಂದುಗೂಡಿಸುವುದೇ ಅದರ ಗುರಿ. 1920ರಲ್ಲಿ ಧಾರವಾಡದಲ್ಲಿ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿತು. ಅದೇ ವರ್ಷದ ಕೊನೆಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನಕ್ಕೆ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಹೋದರು. ಕಾಂಗ್ರೆಸ್ಸು ಭಾಷೆಗನುಸಾರವಾಗಿ ತನ್ನ ಪ್ರಾಂತಗಳನ್ನು ರಚಿಸಿಕೊಂಡಾಗ ಕರ್ನಾಟಕಕ್ಕೂ ಪ್ರತ್ಯೇಕ ಪ್ರಾಂತಿಕ ಸಮಿತಿ ದೊರೆಯಿತು. ಸರಕಾರದ ನಕಾಶೆಯಲ್ಲಿ ಇಲ್ಲದ ನಾಡು ಕಾಂಗ್ರೆಸ್ಸಿನ ನಕಾಶೆಯಲ್ಲಿ ಮೂಡಿತು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನವು ಬೆಳಗಾವಿಯಲ್ಲಿ ನಡೆಯಿತು. ಆ ಅಧಿವೇಶನದ ಬಯಲಿಗೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂದು ಕರೆದರು. ಹಂಪೆಯ ಕಲ್ಲುಗಳ ನಡುವೆ ಒಬ್ಬ ತರುಣ ವಕೀಲನು ನಿಂತು ಹತ್ತೊಂಬತ್ತು ವರ್ಷಗಳಾಗಿದ್ದವು.

ಈ ನಡುವೆ ರಾಯರು ವಕೀಲಿಯನ್ನು ಬಿಟ್ಟರು. 1922ರಲ್ಲಿ ಜಯಕರ್ನಾಟಕವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಪತ್ರಿಕೆಯಿಂದ ಹೊಟ್ಟೆ ತುಂಬುತ್ತಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೇಂದ್ರೆಯವರ ಗೆಳೆಯರ ಗುಂಪಿನ ಬರೆಹಗಾರರು ಆ ಪತ್ರಿಕೆಯಲ್ಲಿ ಬೆಳೆದರು. ಬೇಂದ್ರೆಯವರ ಮನೆಮಾತು ಮರಾಠಿಯಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು.

ಏಕೆಂದರೆ ರಾಯರ ಕನ್ನಡಾಭಿಮಾನವು ಮರಾಠಿಯ ಮೇಲಣ ಹಗೆಯಿಂದ ಹುಟ್ಟಿದುದಲ್ಲ. ಅಭಿಮಾನವೆಂದರೇನೆಂಬುದನ್ನು ಅವರು ಕಲಿತುದೇ ಪುಣೆಯಲ್ಲಿ; ತಿಲಕರನ್ನು ಗುರುವೆಂದು ಭಾವಿಸಿದ್ದರು. ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ವೆಂಕಟರಾಯರೇ. ಪಂಢರಪುರದ ವಿಠ್ಠಲನನ್ನು ಕನ್ನಡದವನೆಂದು ಕರೆದವರು ಮರಾಠಿಯ ಆದಿಸಂತ ಜ್ಞಾನೇಶ್ವರರು. ನಮ್ಮ ಹರಿದಾಸರೂ ಅದೇ ವಿಠ್ಠಲನನ್ನು ಹಾಡಿದರು. ಎರಡು ಮನೆಗಳ ನಡುವೆ ಗೋಡೆಯಿದ್ದರೂ ಬಾವಿ ಒಂದೇ. ನೆರೆಯವನನ್ನು ಕೀಳುಮಾಡಿ ತಾನು ಮೇಲಾಗಬೇಕೆನ್ನುವವನು ಕೀಳರಿಮೆಯಿಂದ ಇನ್ನೂ ಬಿಡುಗಡೆ ಹೊಂದಿಲ್ಲ. ರಾಯರು ಕರ್ನಾಟಕತ್ವವೆಂಬ ಶಬ್ದವನ್ನು ಬಳಸಿದಾಗಲೆಲ್ಲ ಅದು ಭಾರತೀಯತ್ವದ ಒಂದು ಮುಖವೆಂದೇ ತಿಳಿದಿದ್ದರು. ದೇಶಪ್ರೇಮವು ಗಾಳಿಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ ತನ್ನ ನೆಲವೊಂದು ಬೇಕು ಎಂಬುದು ಅವರ ಸಿದ್ಧಾಂತವಾಗಿದ್ದಿತು.

ಇಲ್ಲಿ ನಮ್ಮೂರಿನ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ರೇಲ್ವೆ ನಿಲ್ದಾಣದಲ್ಲಿ ತಾಯಿಯು ಗಟ್ಟಿಯಾಗಿ ಕನ್ನಡದಲ್ಲಿ ಕರೆದಾಗ ಮಗನು ಕೇಳಿಸದವನಂತೆ ಮುಂದೆ ನಡೆಯುವುದನ್ನು ನೀವೂ ಕಂಡಿದ್ದೀರಿ. ಯಾವ ಶಾಲೆಯೆಂದು ಕೇಳಿದರೆ ಮಾಧ್ಯಮದ ಹೆಸರನ್ನು ನುಂಗಿಕೊಳ್ಳುವವರಿದ್ದಾರೆ. ಮದ್ರಾಸಿಯೆಂದು ಯಾರೋ ನಗೆಯಾಡಿದರೆ ಮೈಬಣ್ಣಕ್ಕೆ, ಊಟಕ್ಕೆ, ಅಜ್ಜಿ ಕೂಡಿಸಿಕೊಂಡ ಕುಂಕುಮದ ಬೊಟ್ಟಿಗೆ ನಾಚಿಕೊಳ್ಳುವವರಿದ್ದಾರೆ. ಅಪ್ಪನು ಹೋಟೆಲಿನಲ್ಲಿ ದುಡಿಯುತ್ತಾನೆಂದು ಹೇಳಲು ತಡವರಿಸುವ ಹುಡುಗನು, ಈ ಊರಿನ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ವಕೀಲರಾದವರ, ಶಿಕ್ಷಕರಾದವರ ಕತೆಯನ್ನು ಕೇಳಿಲ್ಲ. ಕೆಲವರ ಮನೆಮಾತು ತುಳು, ಕೆಲವರದು ಕೊಂಕಣಿ, ಕೆಲವರದು ಲಂಬಾಣಿ. ಅವರಿಗೆ ಶಾಲೆಯ ಕನ್ನಡದ ಮುಂದೆ ಮನೆಯ ಮಾತನ್ನಾಡಲು ಸಂಕೋಚ. ಧಾರವಾಡದಲ್ಲಿ ಮರಾಠಿಯ ಮುಂದೆ ಕನ್ನಡವು ಪಟ್ಟ ಪಾಡನ್ನು ನಾವು ನಮ್ಮ ಪಕ್ಕದ ಬೆಂಚಿನ ಹುಡುಗನ ತುಳುವಿಗೆ ಕೊಡಬಾರದು.

1930ರಲ್ಲಿ ಮೈಸೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ರಾಯರು ಅಧ್ಯಕ್ಷರಾದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆಯಿತು. ಮರೆತುಹೋದ ಸಾಮ್ರಾಜ್ಯದ ಹುಟ್ಟುಹಬ್ಬಕ್ಕೆ ಜನ ಬಂದರು. ಮುಂದಿನ ವರ್ಷಗಳಲ್ಲಿ ರಾಯರು ಅಧ್ಯಾತ್ಮದ ಕಡೆಗೆ, ಮಧ್ವಾಚಾರ್ಯರ ತತ್ತ್ವದ ಕಡೆಗೆ ಹೆಚ್ಚು ಒಲಿದರು. ಆದರೂ ಕರ್ನಾಟಕತ್ವದ ವಿಚಾರವನ್ನು ಕೈಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೆಯೂ ಆ ವಿಷಯವಾಗಿ ಬರೆದರು. ಜನರು ಅವರನ್ನು ಕನ್ನಡದ ಕುಲಪುರೋಹಿತರೆಂದು ಕರೆದರು. ಪುರೋಹಿತನು ಮನೆಯವರಿಗೆ ಅವರ ಹಿರಿಯರ ಹೆಸರುಗಳನ್ನು ನೆನಪುಮಾಡಿಕೊಡುವವನು; ಬಿರುದು ಒಪ್ಪುವಂತಹದೇ.

1956ರ ನವೆಂಬರ್ 1ರಂದು ಕನ್ನಡದ ಭಾಗಗಳು ಒಂದುಗೂಡಿದವು. ಎಪ್ಪತ್ತಾರು ವರ್ಷದ ರಾಯರು ಹಂಪೆಗೆ ಹೋಗಿ ವಿರೂಪಾಕ್ಷನ ಆಲಯದಲ್ಲಿ ತಾಯಿ ಭುವನೇಶ್ವರಿಗೆ ಪೂಜೆಯನ್ನು ಸಲ್ಲಿಸಿದರು. ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರು ಈ ಕಡೆಯಲ್ಲಿಯೇ ಉಳಿದರು. ನಿಮ್ಮಲ್ಲಿ ಎಷ್ಟೋ ಜನರು ಆ ಊರುಗಳವರೇ ಆಗಿರುವಿರಿ. ಒಂದುಗೂಡಿದ ನಾಡಿಗೆ ಕರ್ನಾಟಕವೆಂಬ ಹೆಸರೂ ಬರಲಿಲ್ಲ. ಮೈಸೂರು ರಾಜ್ಯವೆಂದೇ ಕರೆದರು. ರಾಯರು 1964ರ ಫೆಬ್ರುವರಿ 25ರಂದು ಧಾರವಾಡದಲ್ಲಿ ತೀರಿಕೊಂಡರು. ಕರ್ನಾಟಕವೆಂಬ ಹೆಸರು ಬಂದುದು ಒಂಬತ್ತು ವರ್ಷಗಳು ಕಳೆದ ಮೇಲೆ, 1973ರ ನವೆಂಬರ್ 1ರಂದು.

ಮರಾಠಾ ರೇಲ್ವೆಯ ಹೆಸರು ಮಾತ್ರ ಅವರ ಕಣ್ಣೆದುರಿಗೇ ಹೋಯಿತು. 1908ರಲ್ಲಿ ಮದರಾಸಿನ ಕಂಪನಿಯೊಡನೆ ಸೇರಿದ್ದ ಅದು 1951ರಲ್ಲಿ ಹೊಸದಾದ ದಕ್ಷಿಣ ರೇಲ್ವೆಯಲ್ಲಿ ಲೀನವಾಯಿತು. ಬೆಂಗಳೂರಿನ ಕೋಟೆಯ ಹತ್ತಿರ, ಟಿಪ್ಪುವಿನ ಅರಮನೆಯ ಎದುರಿಗೆ ಹಾದುಹೋಗುವ ರಸ್ತೆಯೊಂದುಂಟು. ಇಂಗ್ಲಿಷರ ಕಾಲದಲ್ಲಿ ಅದಕ್ಕೆ ವಿಕ್ಟೋರಿಯಾ ರಾಣಿಯ ಮೊಮ್ಮಗನಾದ ಆಲ್ಬರ್ಟ್ ವಿಕ್ಟರನ ಹೆಸರಿದ್ದಿತು. ಈಗ ಅದು ಆಲೂರು ವೆಂಕಟರಾವ್ ರಸ್ತೆ. ಚಿಕ್ಕದಾಗಿ ಕರೆಯುವವರು ಆಗಲೂ ಎ. ವಿ. ರಸ್ತೆಯೆನ್ನುತ್ತಿದ್ದರು, ಈಗಲೂ ಹಾಗೆಯೇ ಎನ್ನುತ್ತಾರೆ.